ಛಂದಸ್ಸು ಬಿಟ್ಟು ಕವಿತೆ ಬರೆಯಬಹುದಾ?

"ಮಾತ್ರೆ ಎಣಿಸೋಕೆ ಬೇಜಾರು, ಅದಿಲ್ಲದೆ ಬರೆದರೆ ಕವಿತೆ ಆಗಲ್ವಾ?" ಅಂತ ಕೇಳಿದ್ದೀರಿ. ಮಾತ್ರೆ ಅಂದರೆ ಒಂದು ಹ್ರಸ್ವ ಅಕ್ಷರ ಹೇಳಲು ಹಿಡಿಯುವ ಹೊತ್ತು. ಅದನ್ನು ಎಣಿಸದೆಯೂ ಧಾರಾಳವಾಗಿ ಆಗುತ್ತದೆ. ಹನ್ನೆರಡನೇ ಶತಮಾನದ ವಚನಕಾರರು ಮಾತ್ರೆ, ಗಣದ (ಮಾತ್ರೆಗಳ ಗುಂಪಿನ) ಲೆಕ್ಕ ಇಟ್ಟುಕೊಂಡು ಬರೆದವರಲ್ಲ. ಆದರೂ ವಚನ ಓದಿದರೆ ಮಾತಿಗೊಂದು ನಡೆ ಇರುತ್ತದೆ, ಅಲ್ವಾ? ಲೆಕ್ಕ ಬಿಡಬಹುದು, ಆ ನಡೆಯನ್ನು ಬಿಡೋಕಾಗಲ್ಲ.

ನಡೆ ಏನು ಮಾಡುತ್ತದೆ ಅಂತ ನೋಡಲು ನಾನೇ ಕಟ್ಟಿದ ಎರಡು ಸಾಲು ಇಲ್ಲಿವೆ. ಕವಿತೆ ಅಂತ ಓದಬೇಡಿ, ಸುಮ್ನೆ ಜೋರಾಗಿ ಹೇಳಿ ನೋಡಿ.

ಓಡು ಓಡು ಮಳೆಯು ಬಂತು

ದೂರದಲಿ ಮೋಡಗಳು ಸಾಲಾಗಿ ಬರುತಿರಲು

ಮೊದಲನೆಯದು ಮೂರು ಮೂರು ಮಾತ್ರೆಯ ಗಣ. ನಾಲಿಗೆ ತಾನಾಗಿಯೇ ಓಡುತ್ತದೆ. ಎರಡನೆಯದು ಐದೈದು. ಅವಸರ ಮಾಡಿದರೂ ಆಗಲ್ಲ, ತೂಗಿಕೊಂಡೇ ಹೋಗಬೇಕು. ಓಟವನ್ನು ಹೇಳೋಕೆ ಎರಡನೆಯದನ್ನು ಆರಿಸಿದರೆ ಪದಗಳು ಒಂದು ಹೇಳುತ್ತವೆ, ಕಿವಿಗೆ ಇನ್ನೊಂದು ಕೇಳುತ್ತದೆ.

ಹಾಗಂತ ಲೆಕ್ಕ ಸರಿಹೋದರೆ ಮುಗಿಯಿತು ಅಂತಲ್ಲ. ಹತ್ತು ಪದ್ಯ ಅದೇ ಏಟಿನಲ್ಲಿ ಸಾಗಿದರೆ ಓದುವವನಿಗೆ ನಿದ್ದೆ ಬರುತ್ತದೆ. ಕುಮಾರವ್ಯಾಸ ತನ್ನ ಭಾರತದ ಹತ್ತೂ ಪರ್ವಗಳನ್ನು ಆರು ಸಾಲಿನ ಭಾಮಿನಿ ಷಟ್ಪದಿಯೊಂದರಲ್ಲೇ ಹೇಳಿದ. ಮೂರು, ನಾಲ್ಕು, ಮೂರು, ನಾಲ್ಕು, ಉದ್ದಕ್ಕೂ ಅದೇ. ಆದರೂ ಬೇಸರವಾಗಲ್ಲ, ಯಾಕೆ? ಅವನ ವಾಕ್ಯ ಸಾಲಿನ ಕೊನೆಗೇ ನಿಲ್ಲಬೇಕು ಅಂತಿಲ್ಲ. ಎಷ್ಟೋ ಕಡೆ ಮುಂದಿನ ಸಾಲಿಗೆ ನುಗ್ಗಿ, ಅದರ ನಡುವೆ ನಿಲ್ಲುತ್ತದೆ. ಗಣ ಮುರಿಯುವ ಜಾಗ ಒಂದು, ಮಾತು ಮುರಿಯುವ ಜಾಗ ಇನ್ನೊಂದು. ಹಾಗಾಗಿ ಪಾತ್ರಗಳು ಪದ್ಯ ಒಪ್ಪಿಸುತ್ತಿಲ್ಲ, ಎದುರೆದುರು ನಿಂತು ಜಗಳ ಆಡುತ್ತಿವೆ ಅನ್ನಿಸುತ್ತದೆ. ನನ್ನ ಪ್ರಕಾರ ಛಂದಸ್ಸಿನ ದೊಡ್ಡ ಉಪಯೋಗ ಇದೇ: ಕಿವಿಗೆ ಒಂದು ನಿರೀಕ್ಷೆ ಹುಟ್ಟಿಸಿ, ಬೇಕಾದಾಗ ಅದನ್ನು ತಪ್ಪಿಸೋದು.

ಪ್ರಾಸದ ವಿಷಯ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕೆಂಬ ಆದಿಪ್ರಾಸವನ್ನು ಗೋವಿಂದ ಪೈ 1911ರಲ್ಲೇ ಕೈಬಿಟ್ಟರು.

ಗದ್ಯವನ್ನು ತುಂಡು ಮಾಡಿ ಒಂದರ ಕೆಳಗೊಂದು ಇಡೋದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಆ ಸಾಲು ಅಲ್ಲೇ ಯಾಕೆ ಮುರಿಯಿತು ಅಂತ ಕೇಳಿದರೆ ಬರೆದವರ ಹತ್ತಿರ ಉತ್ತರ ಇರಬೇಕು. ಛಂದಸ್ಸು ಬಿಡುವ ಮೊದಲು ಒಮ್ಮೆ ಭಾಮಿನಿಯಲ್ಲಿ ಒಂದೆರಡು ಪದ್ಯ ಬರೆದು ನೋಡಿ. ಮೂರನೇ ಮತ್ತು ಆರನೇ ಸಾಲಲ್ಲಿ ಒದ್ದಾಡುತ್ತೀರಿ. ಮೂರು-ನಾಲ್ಕರ ಜೋಡಿ ಅಲ್ಲಿ ಮೂರು ಸಲ ಬರಬೇಕು, ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ.