ರಾತ್ರಿಯ ಊಟವನ್ನು ಬೆಳಿಗ್ಗೆಯೇ ಬರೆದಿಟ್ಟವರು

ಆಪ್ತಸಲಹೆಗಾರಳಾದ ನನ್ನ ಬಳಿಗೆ ಅವರನ್ನು ಕಳುಹಿಸಿದ ಕಾರಣವೇ ತಪ್ಪಾಗಿತ್ತು. ಅದು ನನಗೆ ತಿಳಿಯುವ ಹೊತ್ತಿಗೆ ಮೂರು ಭೇಟಿಗಳು ಕಳೆದುಹೋಗಿದ್ದವು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಅವರೊಬ್ಬರ ಕಥೆಯಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಅದಾದ ಮೇಲೂ ಇಂಥದ್ದೇ ನೋಟ್‌ಬುಕ್ ಹಿಡಿದವರು ಬೇರೆ ಬೇರೆ ಮುಖಗಳಲ್ಲಿ ನನ್ನೆದುರು ಬಂದು ಕುಳಿತಿದ್ದಾರೆ.

ವಯಸ್ಸು ನಲವತ್ತೆಂಟು. ವೃತ್ತಿಯಲ್ಲಿ ಲೆಕ್ಕಪರಿಶೋಧಕರು. ವೈದ್ಯರ ಕೊಠಡಿಯಲ್ಲಿ ಅವರ ರಕ್ತದೊತ್ತಡ 158/96ರ ಆಸುಪಾಸಿನಲ್ಲಿರುತ್ತಿತ್ತು. ವೈದ್ಯರು ಅವಸರಪಟ್ಟು ಮಾತ್ರೆ ಬರೆಯಲಿಲ್ಲ. ಕೆಲವರಿಗೆ ಬಿಳಿ ಕೋಟು ಕಂಡೊಡನೆ ಒತ್ತಡ ಏರುತ್ತದೆ, ಮನೆಯಲ್ಲಿ ಸರಿಯಾಗಿಯೇ ಇರುತ್ತದೆ. ಹಾಗಾಗಿ ಮನೆಯಲ್ಲಿ ಅಳೆದು ಬರೆದು ತನ್ನಿ ಎಂದರು. ಅವರು ತಂದರು. 124/78, 122/80, 126/78. ವಾರಗಟ್ಟಲೆ ಹೀಗೆಯೇ. ಮನೆಯ ಅಳತೆಯ ಸರಾಸರಿ 135/85ಕ್ಕಿಂತ ಕೆಳಗಿದ್ದರೆ ಆತಂಕವಿಲ್ಲ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಗಡಿ. ಇದು ಆಸ್ಪತ್ರೆಯ ಭಯ, ಮನಸ್ಸಿಗೆ ಸಂಬಂಧಿಸಿದ್ದು ಎಂದು ತೀರ್ಮಾನವಾಗಿ ಅವರು ನನ್ನಲ್ಲಿಗೆ ಬಂದರು. ನಾನು ನಿಧಾನವಾಗಿ ಉಸಿರಾಡುವುದನ್ನು ಕಲಿಸಿದೆ. ಆ ವಿಷಯಕ್ಕೆ ಮತ್ತೆ ಬರುತ್ತೇನೆ.

ನಾಲ್ಕನೆಯ ಭೇಟಿಯಲ್ಲಿ ಮಾತು ಬತ್ತಿಹೋಗಿತ್ತು. ಏನಾದರೂ ಮಾತನಾಡಬೇಕಲ್ಲ ಎಂದು, ಆ ನೋಟ್‌ಬುಕ್ ತೋರಿಸಿ ಎಂದು ಕೇಳಿದೆ. ಅದರ ಹಿಂದೆ ಯಾವ ಜಾಣ್ಮೆಯೂ ಇರಲಿಲ್ಲ.

ನೋಡಲು ಚೆಂದದ ಪುಸ್ತಕ. ಸ್ಕೇಲು ಇಟ್ಟು ಎಳೆದ ಗೆರೆಗಳು, ಮುತ್ತು ಪೋಣಿಸಿದಂಥ ಅಕ್ಷರ. ದಿನಾಂಕ, ತೂಕ, ಸೊಂಟದ ಸುತ್ತಳತೆ, ಬಿ.ಪಿ., ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸಂಜೆ, ರಾತ್ರಿ. ನಾನು ಕೊನೆಯ ಸಾಲಿಗೆ ಬಂದೆ. ಅದು ಅಂದಿನದೇ. ರಾತ್ರಿಯ ಅಂಕಣದಲ್ಲಿ ‘ಬೇಯಿಸಿದ ತರಕಾರಿ, ಬೇಳೆ, ಒಂದು ಹಣ್ಣು, 8 ಗಂಟೆ’ ಎಂದಿತ್ತು. ಗೋಡೆಯ ಗಡಿಯಾರ ಬೆಳಿಗ್ಗೆ ಹನ್ನೊಂದೂವರೆ ತೋರಿಸುತ್ತಿತ್ತು.

“ಇವತ್ತಿನ ರಾತ್ರಿಯ ಊಟ ಆಗಲೇ ಮುಗಿಯಿತೇ?” ಎಂದೆ.

ಅವರು ಪುಸ್ತಕವನ್ನು ನೋಡಿದರು, ಗಡಿಯಾರವನ್ನು ನೋಡಿದರು. ಕಿವಿಗಳು ಕೆಂಪಾದವು. ಸ್ವಲ್ಪ ಹೊತ್ತಿನ ಮೇಲೆ, “ಅದು ಲೆಕ್ಕವಲ್ಲ ಮೇಡಂ, ಬಜೆಟ್” ಎಂದರು.

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಆಪ್ತಸಲಹೆಗಾರರು ಹಾಗೆ ನಗಬಾರದು. ಆದರೆ ಅವರೂ ನಕ್ಕರು. ಮೂರು ಭೇಟಿಗಳ ಉಸಿರಾಟದಿಂದ ಸಡಿಲವಾಗದ ಭುಜಗಳು ಆ ನಗುವಿಗೆ ಸಡಿಲವಾದವು.

“ಹಾಗಾದರೆ ಖರ್ಚಿನ ಪುಸ್ತಕ ಎಲ್ಲಿದೆ?”

“ಇಲ್ಲ.”

“ನೀವು ತಪಾಸಣೆಗೆ ಹೋದ ಕಡೆ ಇಂಥ ಪುಸ್ತಕ ಸಿಕ್ಕಿದ್ದರೆ?”

“ಸಹಿ ಹಾಕುತ್ತಿರಲಿಲ್ಲ.”

ಆಮೇಲೆ ಉಳಿದದ್ದೆಲ್ಲ ತಾನಾಗಿ ಹೊರಬಂತು. ಬಿ.ಪಿ.ಯನ್ನು ಒಂದೇ ಕೂರಿಕೆಯಲ್ಲಿ ನಾಲ್ಕೈದು ಬಾರಿ ಅಳೆಯುತ್ತಿದ್ದರು. ಮೊದಲ ಅಂಕಿ 150 ದಾಟಿರುತ್ತಿತ್ತು. ಅದು ಅವಸರದಲ್ಲಿ ಬಂದದ್ದು ಎಂದು ಬಿಟ್ಟರು. ಎರಡನೆಯದನ್ನು ತೋಳಿಗೆ ಸುತ್ತುವ ಪಟ್ಟಿ ಸರಿಯಾಗಿ ಕೂತಿರಲಿಲ್ಲ ಎಂದು ಬಿಟ್ಟರು. ಇಳಿಯುತ್ತ ಇಳಿಯುತ್ತ ಒಪ್ಪುವ ಅಂಕಿ ಬಂದಾಗ ಬರೆದರು. ಕಳೆದ ತಿಂಗಳಿನಿಂದ ಈ ಕೆಲಸ ಸುಲಭವಾಗಿದೆ, ನೀವು ಕಲಿಸಿದ ಉಸಿರಾಟದಿಂದ ಮೂರನೆಯ ಸಲಕ್ಕೇ ಇಳಿಯುತ್ತದೆ ಎಂದು ಕೃತಜ್ಞತೆಯಿಂದಲೇ ಹೇಳಿದರು. ಆ ಕ್ಷಣ ನನಗೆ ಹೇಗಾಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ತೂಕ ನೋಡುತ್ತಿದ್ದುದು ಹಿಂದಿನ ರಾತ್ರಿ ಊಟ ಬಿಟ್ಟ ಬೆಳಿಗ್ಗೆಗಳಲ್ಲಿ ಮಾತ್ರ. ಸೊಂಟ ಅಳೆಯುತ್ತಿದ್ದುದು ಹೊಟ್ಟೆಯನ್ನು ಒಳಗೆಳೆದುಕೊಂಡು.

“ಆದರೆ ನಾನು ಸುಳ್ಳು ಬರೆದಿಲ್ಲ” ಎಂದರು. “ಪ್ರತಿಯೊಂದೂ ಯಂತ್ರದಲ್ಲಿ ಬಂದ ಅಂಕಿಯೇ.”

ಅದು ನಿಜ. ಇಂಥ ಪ್ರಕರಣಗಳು ಮನೆಯವರಿಗಾಗಲಿ ವೈದ್ಯರಿಗಾಗಲಿ ಸುಲಭವಾಗಿ ಕಾಣದಿರುವುದು ಈ ಕಾರಣಕ್ಕೇ. ಒಂದೊಂದೇ ಅಂಕಿ ಹಿಡಿದು ನೋಡಿದರೆ ಎಲ್ಲವೂ ನಿಜ. ಬಿಟ್ಟುಬಿಟ್ಟ ಅಂಕಿಗಳನ್ನು ಸೇರಿಸಿದರೆ ಮಾತ್ರ ಪುಸ್ತಕ ಸುಳ್ಳಾಗುತ್ತದೆ.

“ಇದನ್ನು ಯಾರು ಓದುತ್ತಾರೆ?” ಎಂದು ಕೇಳಿದೆ.

“ಪ್ರತಿ ರಾತ್ರಿ ನನ್ನ ಹೆಂಡತಿ. ಮೂರು ತಿಂಗಳಿಗೊಮ್ಮೆ ಡಾಕ್ಟರು.”

“ನೀವು?”

“ನಾನೇಕೆ ಓದಲಿ? ನನಗೆ ಗೊತ್ತಲ್ಲ.”

ಈ ಮಾತಿನ ಮೇಲೆ ನಾವು ಆ ದಿನದ ಉಳಿದ ಹೊತ್ತನ್ನೆಲ್ಲ ಕಳೆದೆವು. ಗೊತ್ತಿದ್ದೂ ಏಕೆ ಬರೆಯುವುದಿಲ್ಲ? ಬರೆದರೆ ಏನಾಗುತ್ತದೆ? ಅವರ ಉತ್ತರ ಸರಳವಾಗಿತ್ತು: ಬೈಗುಳ. ಮನೆಯಲ್ಲಿ ಜೋರಾಗಿ, ಆಸ್ಪತ್ರೆಯಲ್ಲಿ ಮೆತ್ತಗೆ. ಶಾಲೆಯ ಅಂಕಪಟ್ಟಿಗೆ ಅಪ್ಪನ ಸಹಿ ಹಾಕಿಸಿಕೊಳ್ಳುತ್ತಿದ್ದ ಹುಡುಗನಿಗೂ ಈ ಪುಸ್ತಕ ಬರೆಯುತ್ತಿದ್ದವರಿಗೂ ಹೆಚ್ಚು ಅಂತರ ಇರಲಿಲ್ಲ. ಅಳತೆಯನ್ನು ಪರೀಕ್ಷೆ ಮಾಡಿಬಿಟ್ಟರೆ ಮನುಷ್ಯ ನಕಲು ಮಾಡುತ್ತಾನೆ. ತಿಂದದ್ದನ್ನು ಬರೆಯಲು ಹೇಳಿದಾಗ ಜನ ಕಡಿಮೆ ಬರೆಯುತ್ತಾರೆ ಎಂಬುದು ಆಹಾರ ಸಂಶೋಧಕರಿಗೆ ಹಳೆಯ ತಲೆನೋವು. ದೇಹ ನಿಜವಾಗಿ ವ್ಯಯಿಸಿದ ಶಕ್ತಿಯನ್ನು ಬೇರೆ ವಿಧಾನದಿಂದ ಅಳೆದು ಹೋಲಿಸಿದಾಗಲೆಲ್ಲ ಈ ಕೊರತೆ ಎದ್ದು ಕಂಡಿದೆ. ಇವರೊಬ್ಬರೇ ಅಪರಾಧಿಯಲ್ಲ ಎಂದು ಹೇಳಲು ನನಗೆ ಅದು ಅಂದು ಉಪಯೋಗಕ್ಕೆ ಬಂತು.

ಲೆಕ್ಕದವರಾದ್ದರಿಂದ ಅವರಿಗೆ ಸ್ಯಾಂಟೋರಿಯೊ ಸ್ಯಾಂಟೋರಿಯೊನ ವಿಷಯ ಹೇಳಿದೆ. 1561ರಿಂದ 1636ರವರೆಗೆ ಬದುಕಿದ್ದ ಇಟಲಿಯ ವೈದ್ಯ. ತಕ್ಕಡಿಗೆ ಕುರ್ಚಿ ತೂಗುಹಾಕಿ, ಅದರಲ್ಲಿ ಕುಳಿತು, ತನ್ನನ್ನೂ ತಾನು ತಿಂದು ಕುಡಿದದ್ದನ್ನೂ ದೇಹದಿಂದ ಹೊರಹೋದದ್ದನ್ನೂ ಸುಮಾರು ಮೂವತ್ತು ವರ್ಷ ತೂಗಿದ. ಜಮಾ ಖರ್ಚು ತಾಳೆಯಾಗಲೇ ಇಲ್ಲ. ಒಳಗೆ ಹೋದದ್ದಕ್ಕಿಂತ ಕಣ್ಣಿಗೆ ಕಾಣುವಂತೆ ಹೊರಬಂದದ್ದು ಬಹಳ ಕಡಿಮೆ. ಆತ ಅಂಕಿಗಳನ್ನು ತಿದ್ದಲಿಲ್ಲ. ವ್ಯತ್ಯಾಸವನ್ನೇ ಬರೆದಿಟ್ಟು, ಚರ್ಮ ಮತ್ತು ಉಸಿರಿನ ಮೂಲಕ ನಮಗೆ ಕಾಣದಂತೆ ಏನೋ ಹೋಗುತ್ತಿದೆ ಎಂಬ ನಿರ್ಧಾರಕ್ಕೆ ಬಂದ. “ತಾಳೆಯಾಗಿದ್ದರೆ ಅವನಿಗೆ ಏನೂ ಸಿಗುತ್ತಿರಲಿಲ್ಲ” ಎಂದು ಅವರೇ ಹೇಳಿದರು. ಉಪಮೆ ಹಾಕುವ ಕೆಲಸ ನನಗೆ ಉಳಿಯಲಿಲ್ಲ.

ಈಗ ಸಲಹೆ. ಮೊದಲನೆಯದು, ವೈದ್ಯರಿಗೆ ನಿಜ ಹೇಳುವುದು. ನಾನು ಹೇಳುವುದಿಲ್ಲ, ನೀವೇ ಹೇಳಬೇಕು, ಈ ವಾರದೊಳಗೆ ಎಂದೆ. ಇದರಲ್ಲಿ ಮಾತ್ರ ನಾನು ಮೃದುವಾಗಿರಲಿಲ್ಲ. ಏಕೆಂದರೆ ಅವರ ಚೆಂದದ ಪುಸ್ತಕವನ್ನು ನಂಬಿಯೇ ಚಿಕಿತ್ಸೆ ನಿಂತಿತ್ತು. ಏರಿದ ರಕ್ತದೊತ್ತಡ ಸಾಮಾನ್ಯವಾಗಿ ನೋಯಿಸುವುದಿಲ್ಲ. ಸದ್ದಿಲ್ಲದೆ ಹೃದಯ, ಮಿದುಳು, ಮೂತ್ರಪಿಂಡಗಳ ಮೇಲೆ ಕೆಲಸ ಮಾಡುತ್ತದೆ. ಒಂದು ವರ್ಷ ಹಾಗೆಯೇ ಕಳೆದಿತ್ತು. ಅವರು ನನ್ನ ಕೊಠಡಿಯಿಂದಲೇ ಫೋನ್ ಮಾಡಿ ಸಮಯ ಕೇಳಿದರು.

ಎರಡನೆಯದು, ಅಳೆಯುವ ರೀತಿ. ವೈದ್ಯರೂ ಇದನ್ನೇ ಹೇಳಿದರಂತೆ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಧೂಮಪಾನ, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೆ ಊರಿ, ಐದು ನಿಮಿಷ ಮಾತಿಲ್ಲದೆ ಕೂರಬೇಕು. ತೋಳು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿರಬೇಕು, ಪಟ್ಟಿ ತೋಳಿನ ಗಾತ್ರಕ್ಕೆ ತಕ್ಕದ್ದಾಗಿರಬೇಕು. ಒಂದು ನಿಮಿಷದ ಅಂತರದಲ್ಲಿ ಎರಡೇ ಬಾರಿ, ಬೆಳಿಗ್ಗೆ ಮತ್ತು ಸಂಜೆ, ಏಳು ದಿನ. ಬಂದದ್ದೆಲ್ಲವನ್ನೂ ಬರೆಯಬೇಕು. ಮೊದಲ ದಿನವನ್ನು ಬಿಟ್ಟು ಉಳಿದವುಗಳ ಸರಾಸರಿ. ಎಂಟನೆಯ ದಿನ ಯಂತ್ರ ಕಪಾಟಿಗೆ ಹೋಗಬೇಕು; ವೈದ್ಯರು ಮತ್ತೆ ಕೇಳುವವರೆಗೆ ಹೊರಬರಬಾರದು. ಮೊದಲ ಅಂಕಿ ತುಸು ಹೆಚ್ಚಿರುವುದು ಸಹಜ. ಅದಕ್ಕೇ ಸರಾಸರಿ ಇರುವುದು, ಕನಿಷ್ಠವನ್ನು ಆರಿಸಿಕೊಳ್ಳುವುದಕ್ಕಲ್ಲ.

(ಇದೆಲ್ಲ ನೆಮ್ಮದಿಯಾಗಿ ಕುಳಿತಾಗಿನ ಮಾತು. 180/120 ದಾಟಿದ್ದು ಎದೆನೋವು, ಉಸಿರುಗಟ್ಟುವಿಕೆ, ಮಾತಿನ ತೊದಲು, ಕೈಕಾಲಿನಲ್ಲಿ ಬಲಹೀನತೆ ಇದ್ದರೆ ಸರಾಸರಿ ತೆಗೆಯುತ್ತ ಕೂರಬಾರದು, ಆಸ್ಪತ್ರೆಗೆ ಓಡಬೇಕು.)

ಸೊಂಟ ಅಳೆಯುವಾಗ ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪು ಇರಬೇಕು, ಸಹಜವಾಗಿ ಉಸಿರು ಬಿಟ್ಟಾಗ ನೋಡಬೇಕು. ಪುಸ್ತಕದಲ್ಲಿ 88 ಸೆಂಟಿಮೀಟರ್ ಇದ್ದದ್ದು ನಿಜದಲ್ಲಿ 97 ಆಯಿತು. ಎತ್ತರ 170. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಎಂಬ ಸುಲಭ ಲೆಕ್ಕಕ್ಕೆ ಇದು 12 ಸೆಂಟಿಮೀಟರ್ ಹೆಚ್ಚು. ತೂಕ 78 ಕಿಲೋ. ಎತ್ತರದ ಮೀಟರಿನ ವರ್ಗದಿಂದ ಭಾಗಿಸಿದರೆ ಬಿ.ಎಂ.ಐ., ಅಂದರೆ ಎತ್ತರಕ್ಕೆ ತೂಕ ಎಷ್ಟೆಂಬ ಸೂಚ್ಯಂಕ, 27. ಈ ಸೂತ್ರದ ಬಗ್ಗೆ ಅವರಿಗೆ ಬಹಳ ಭಕ್ತಿಯಿತ್ತು. ಅದನ್ನು 19ನೆಯ ಶತಮಾನದಲ್ಲಿ ಕಂಡುಕೊಂಡ ಬೆಲ್ಜಿಯಂನ ಕ್ವೆಟಲೆ ವೈದ್ಯನಲ್ಲ, ಸಂಖ್ಯಾಶಾಸ್ತ್ರಜ್ಞ. ಅವನ ಕಣ್ಣಿದ್ದದ್ದು ಜನಸಮೂಹದ ಮೇಲೆ, ಒಬ್ಬ ರೋಗಿಯ ಮೇಲಲ್ಲ ಎಂದು ಹೇಳಬೇಕಾಯಿತು. ಸ್ನಾಯು ಎಷ್ಟು, ಕೊಬ್ಬು ಎಷ್ಟು, ಕೊಬ್ಬು ಎಲ್ಲಿ ಕೂತಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ತೂಕವಂತೂ ನೀರು ಮತ್ತು ಉಪ್ಪಿನ ಆಟಕ್ಕೆ ಒಂದೇ ದಿನದಲ್ಲಿ ಕಿಲೋದಷ್ಟು ಮೇಲೆ ಕೆಳಗೆ ಆಡುತ್ತದೆ. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತು ಸಾಕು.

ಮೂರನೆಯದು ವಿವಾದಕ್ಕೆ ಕಾರಣವಾಯಿತು. ಊಟದ ಪುಸ್ತಕವನ್ನು ಒಂದು ತಿಂಗಳು ಯಾರಿಗೂ ತೋರಿಸಬೇಡಿ, ಹೆಂಡತಿಗೂ ಎಂದೆ. ವಾರದಲ್ಲಿ ಮೂರು ದಿನ ಬರೆದರೆ ಸಾಕು, ಅದರಲ್ಲೊಂದು ರಜೆಯ ದಿನ. ತಿಂದ ಮೇಲೆ ಬರೆಯಬೇಕು. ಕ್ಯಾಲೊರಿ ಬೇಡ. ಏನು, ಎಷ್ಟು, ಎಲ್ಲಿ, ಹಸಿವಿತ್ತೇ ಎಂಬ ನಾಲ್ಕೇ ಮಾತು. ಒಳ್ಳೆಯದು, ಕೆಟ್ಟದ್ದು ಎಂಬ ಗುರುತು ಹಾಕಬಾರದು.

ಅವರ ಹೆಂಡತಿ ನನಗೆ ಫೋನ್ ಮಾಡಿದರು. “ಇಷ್ಟು ದಿನ ನಾನು ನೋಡುತ್ತಿದ್ದೆ ಎಂಬ ಹೆದರಿಕೆಯಾದರೂ ಇತ್ತು. ಅದನ್ನೂ ತೆಗೆದಿರಿ” ಎಂದರು. ಅವರ ಕೋಪದಲ್ಲಿ ನ್ಯಾಯವಿತ್ತು. ಗಂಡನ ಆರೋಗ್ಯವನ್ನು ಹೊತ್ತುಕೊಂಡವರು ಅವರೇ. ಆದರೆ ಆ ಹೆದರಿಕೆಯಿಂದ ಅವರ ಕೈಗೆ ಸಿಕ್ಕಿದ್ದು ಒಳ್ಳೆಯ ಊಟವಲ್ಲ, ಒಳ್ಳೆಯ ಬರಹ. ನಾನು ಅವರಿಗೆ ಹೇಳಿದ್ದು ಇಷ್ಟೇ: ನೀವು ಪುಸ್ತಕ ಕೇಳಬೇಡಿ, ಜೊತೆಯಲ್ಲಿ ಊಟಕ್ಕೆ ಕೂರಿ. ನನ್ನ ಸಹೋದ್ಯೋಗಿಯೊಬ್ಬರೂ ಇದನ್ನು ಸಡಿಲತನ ಎಂದರು. ಇರಬಹುದು. ಎಲ್ಲರಿಗೂ ಇದೇ ಸಲಹೆ ಕೊಡುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಊಟವನ್ನೇ ಶತ್ರುವಾಗಿ ಮಾಡಿಕೊಂಡಿದ್ದ ಯುವತಿಯೊಬ್ಬರ ಮನೆಯಿಂದ ತೂಕದ ಯಂತ್ರವನ್ನೇ ಹೊರಗೆ ಹಾಕಿಸಿದ್ದೆ, ನೋಟ್‌ಬುಕ್ಕನ್ನು ಮುಟ್ಟಲೂ ಬಿಟ್ಟಿರಲಿಲ್ಲ. ಅವರ ಪುಸ್ತಕದಲ್ಲಿ ಒಂದು ತುತ್ತೂ ಬಿಟ್ಟುಹೋಗುತ್ತಿರಲಿಲ್ಲ. ರೋಗ ಇದ್ದದ್ದೇ ಅಲ್ಲಿ.

ಏಳು ದಿನದ ನಿಜವಾದ ಸರಾಸರಿ 144/92 ಬಂತು. ವೈದ್ಯರು ಬೈಯಲಿಲ್ಲವಂತೆ; ಅದೇ ಅವರಿಗೆ ಹೆಚ್ಚು ಆಶ್ಚರ್ಯ ತಂದದ್ದು. ಮಾತ್ರೆ ಶುರುವಾಯಿತು. ನಿಜವಾದ ಊಟದ ಪುಸ್ತಕದಲ್ಲಿ ಕಂಡದ್ದು ನಾವ್ಯಾರೂ ಊಹಿಸಿದ್ದಲ್ಲ. ಊಟಗಳು ಹೆಚ್ಚುಕಡಿಮೆ ಬಜೆಟ್ಟಿನಂತೆಯೇ ಇದ್ದವು. ತೊಂದರೆ ಇದ್ದದ್ದು ರಾತ್ರಿ ಹನ್ನೊಂದರ ನಂತರ, ಬಾಕಿ ಕೆಲಸ ಮುಂದಿಟ್ಟುಕೊಂಡು ಖಾಲಿಯಾಗುತ್ತಿದ್ದ ಪೊಟ್ಟಣದ ಉಪ್ಪಿನ ತಿಂಡಿಗಳಲ್ಲಿ. ‘ಹಸಿವಿತ್ತೇ’ ಎಂಬ ಅಂಕಣದಲ್ಲಿ ಸಾಲಾಗಿ ‘ಇಲ್ಲ, ಇಲ್ಲ, ಇಲ್ಲ’. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು, ಅಂದರೆ ಎಲ್ಲ ಸೇರಿ ಒಂದು ಟೀ ಚಮಚದ ಒಳಗೆ. ಅಡುಗೆಗೆ ಹಾಕುವುದನ್ನು ಹೆಂಡತಿ ಅಳೆದು ಹಾಕುತ್ತಿದ್ದರು. ಪೊಟ್ಟಣದೊಳಗಿನದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೂರು ತಿಂಗಳಲ್ಲಿ ತೂಕ ಇಳಿದದ್ದು ಒಂದು ಕಿಲೋ, ಸೊಂಟ ಎರಡು ಸೆಂಟಿಮೀಟರ್. ದೊಡ್ಡ ಗೆಲುವೇನಲ್ಲ. ಮನೆಯ ಸರಾಸರಿ 131/83ಕ್ಕೆ ಬಂದಿತ್ತು. ಅದರಲ್ಲಿ ಮಾತ್ರೆಯ ಪಾಲೆಷ್ಟು, ಪೊಟ್ಟಣಗಳನ್ನು ಬಿಟ್ಟದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳಲು ನಾನು ಹೋಗುವುದಿಲ್ಲ. ರಾತ್ರಿಯ ಕೆಲಸದ ಹೊರೆ ಹಾಗೆಯೇ ಇದೆ, ನಾವು ಈಗ ಮಾತನಾಡುತ್ತಿರುವುದು ಅದರ ಬಗ್ಗೆ.

ಬಜೆಟ್ ಬರೆಯುವುದನ್ನು ಅವರು ಬಿಟ್ಟಿಲ್ಲ. ಬೆಳಿಗ್ಗೆ ಪೆನ್ಸಿಲಿನಲ್ಲಿ ಬರೆಯುತ್ತಾರೆ, ರಾತ್ರಿ ಅದರ ಪಕ್ಕದಲ್ಲಿ ಪೆನ್ನಿನಿಂದ ಖರ್ಚು ಹಾಕುತ್ತಾರೆ. ಕಳೆದ ಭೇಟಿಯಲ್ಲಿ ಒಂದು ವಾರದ ಪುಟ ತೋರಿಸಿದರು. ಮೂರು ದಿನಗಳಲ್ಲಿ ಒಂದು ದಿನ ಮಾತ್ರ ಎರಡೂ ಸರಿಯಾಗಿ ತಾಳೆಯಾಗಿತ್ತು, ಅದರ ಮುಂದೆ ಕೆಂಪು ಶಾಯಿಯ ಪ್ರಶ್ನಾರ್ಥಕ ಚಿಹ್ನೆ. ಏನಿದು ಎಂದು ಕೇಳಿದೆ.

“ಆ ದಿನ ಮದುವೆಗೆ ಹೋಗಿದ್ದೆ ಮೇಡಂ. ಈ ಸಾಲನ್ನು ನಾನೇ ನಂಬುವುದಿಲ್ಲ.”