ಕೌದಿ ಹೊಲಿಗೆಗೆ ಎಂಥ ಪುಸ್ತಕ ಕೊಳ್ಳಲಿ?

ಪುಸ್ತಕದಲ್ಲಿದ್ದ ಹಾಗೇ ಕತ್ತರಿಸಿದರೂ ಚೌಕಗಳ ಸಾಲು ಗಿಡ್ಡ ಬರುತ್ತಿದೆ, ಬೇರೆ ಪುಸ್ತಕ ಕೊಳ್ಳಲೇ ಅಂತ ಕೇಳಿದ್ದೀರಿ. ಸ್ವಲ್ಪ ತಡೀರಿ, ತಪ್ಪು ಪುಸ್ತಕದ್ದಲ್ಲದೆಯೂ ಇರಬಹುದು.

ಎರಡೂವರೆ ಇಂಚಿನ ಮೂರು ಚೌಕ ಕತ್ತರಿಸಿ, ಕಾಲು ಇಂಚು ಅಂಚು ಬಿಟ್ಟು ಸಾಲಾಗಿ ಹೊಲಿದು, ಇಸ್ತ್ರಿ ಹಾಕಿ ಅಳೆಯಿರಿ. ಸರಿಯಾಗಿ ಆರೂವರೆ ಇಂಚು ಬರಬೇಕು. ಕಡಿಮೆ ಬಂದರೆ ನೀವು ಅಂಚು ಜಾಸ್ತಿ ಹಿಡಿಯುತ್ತಿದ್ದೀರಿ. ಒಂದೇ ಮಿಲಿಮೀಟರ್ ತಾನೇ ಅನ್ನಿಸಬಹುದು. ಆದರೆ ಪ್ರತಿ ಹೊಲಿಗೆಯೂ ಎರಡೂ ಕಡೆಯ ಬಟ್ಟೆ ತಿನ್ನುತ್ತೆ. 12 ಚೌಕಗಳ ಸಾಲಿನಲ್ಲಿ 11 ಹೊಲಿಗೆ, ಅಂದರೆ 22 ಮಿಲಿಮೀಟರ್ ಮಾಯ! ಮಡಿಕೆಯ ದಪ್ಪಕ್ಕೂ ಒಂದಿಷ್ಟು ಬಟ್ಟೆ ಹೋಗುವುದರಿಂದ ಕಾಲು ಇಂಚಿಗಿಂತ ಕೂದಲೆಳೆಯಷ್ಟು ಕಡಿಮೆ ಅಂಚು ಹಿಡಿದು ಹೊಲಿಯೋದು ಒಳ್ಳೇದು.

ಆಮೇಲೂ ಪುಸ್ತಕ ಬೇಕೆನಿಸಿದರೆ, ಬಣ್ಣದ ಫೋಟೋ ನೋಡಿ ಮರುಳಾಗಬೇಡಿ (ನನ್ನ ಕಪಾಟಿನಲ್ಲಿ ಅಂಥವು ನಾಲ್ಕಿವೆ, ಒಂದರಿಂದಲೂ ಏನೂ ಹೊಲಿದಿಲ್ಲ). ಕೊನೆಯ ಪುಟಗಳಿಗೆ ಹೋಗಿ. ನಮೂನೆಗಳು ಪೂರ್ತಿ ಅಳತೆಯಲ್ಲಿವೆಯೋ, ಝೆರಾಕ್ಸ್‌ನಲ್ಲಿ ದೊಡ್ಡದು ಮಾಡಬೇಕೋ? ಕೊಟ್ಟ ಅಳತೆಯಲ್ಲಿ ಹೊಲಿಗೆ ಅಂಚು ಸೇರಿದೆಯೋ ಇಲ್ಲವೋ? ಉಡುಪಿನ ನಮೂನೆಗಳಲ್ಲಿ ಎಷ್ಟೋ ಸಲ ಅದು ಸೇರಿರೋದೇ ಇಲ್ಲ. ಇಂಚು, ಸೆಂಟಿಮೀಟರ್ ಎರಡೂ ಕೊಟ್ಟಿದ್ದರೆ ಒಂದನ್ನೇ ಹಿಡಿದು ಕೊನೇ ತನಕ ಹೋಗಿ.

ಕೈಕಸೂತಿಯ ಪುಸ್ತಕವಾದರೆ ಸೂಜಿ ಎಲ್ಲಿ ಒಳಗೆ ಹೋಗಿ ಎಲ್ಲಿ ಮೇಲೆ ಬರುತ್ತೆ ಅಂತ ಹಂತಹಂತವಾಗಿ ಬಿಡಿಸಿದ ಚಿತ್ರಗಳಿರಲಿ. ಸುರುಳಿ ತಂತಿಯ ಬೈಂಡಿಂಗ್ ಸಿಕ್ಕರೆ ಬಿಡಬೇಡಿ, ಮೆಷಿನ್ ಪಕ್ಕ ತೆರೆದಿಟ್ಟರೆ ತಾನಾಗಿ ಮುಚ್ಚಿಕೊಳ್ಳಲ್ಲ.