ಬೆಂಗಳೂರಿನ ರೇಡಿಯೋ ಸಿಟಿ ಶುರುವಾದದ್ದು ಹೇಗೆ? ಮೊದಮೊದಲು ಅದರಲ್ಲಿ ಕನ್ನಡ ಹಾಡು ಯಾಕೆ ಅಷ್ಟು ಕಡಿಮೆ ಇತ್ತು?

ರೇಡಿಯೋ ಸಿಟಿ ಶುರುವಾದದ್ದು 2001ರ ಜುಲೈ 3ರಂದು. ದೇಶದ ಮೊದಲ ಖಾಸಗಿ ಎಫ್‌ಎಂ ಅದು. ಮುಂಬೈ, ದೆಹಲಿಗಿಂತ ಮೊದಲು ನಮ್ಮೂರಿಗೇ ಬಂತು! ಆಗ ಅದರ ಫ್ರೀಕ್ವೆನ್ಸಿ ಬರೀ 91, ಈಗಿನ 91.1 ಆದದ್ದು ಆಮೇಲೆ. ಆಕಾಶವಾಣಿಯ ಅಳೆದು ತೂಗಿದ ಮಾತು ಕೇಳಿ ಬೆಳೆದ ನಮಗೆ ಆರ್‌ಜೆಗಳ ಪಟಪಟ ಹರಟೆ ಹೊಸದು. ಕೆಲವರಿಗೆ ತಲೆನೋವು, ನನಗಂತೂ ಮಜಾ.

ಕನ್ನಡ ಯಾಕೆ ಕಡಿಮೆ ಇತ್ತು ಅಂದರೆ, ನನ್ನ ಪ್ರಕಾರ ಬೇರು ಇರುವುದು ಲೈಸೆನ್ಸ್ ಫೀಸಿನಲ್ಲಿ. ಸರ್ಕಾರ ಮೊದಲ ಸುತ್ತಿನಲ್ಲಿ ಫ್ರೀಕ್ವೆನ್ಸಿಗಳನ್ನು ಹರಾಜು ಹಾಕಿತು. ಕೂಗಿದ ಮೊತ್ತವನ್ನು ಒಂದು ಸಲ ಕಟ್ಟಿದರೆ ಮುಗಿಯುತ್ತಿರಲಿಲ್ಲ. ಪ್ರತಿ ವರ್ಷ ಕಟ್ಟಬೇಕು, ಅದೂ ವರ್ಷಕ್ಕೆ 15% ಏರುತ್ತಾ. ಮೊದಲ ವರ್ಷ 1 ಕೋಟಿ ಅಂದರೆ ಹತ್ತನೇ ವರ್ಷಕ್ಕೆ ಮೂರೂವರೆ ಕೋಟಿ! ಜಾಹೀರಾತು ಬರಲಿ ಬಿಡಲಿ, ಫೀಸು ನಿಲ್ಲಲ್ಲ. ಹಾಗಾಗಿ ದುಡ್ಡಿರುವ ಜಾಹೀರಾತುದಾರರು ಯಾರನ್ನು ಹುಡುಕುತ್ತಿದ್ದರೋ ಅವರಿಗೆ ಬೇಕಾದ ಹಾಡು ಹಾಕಿದರು. ಎಂ.ಜಿ. ರೋಡ್, ಐಟಿ ಕಂಪನಿ, ಹಿಂದಿ, ಇಂಗ್ಲಿಷ್. ಪಕ್ಕದಲ್ಲಿ ಇನ್ನೊಂದು ಖಾಸಗಿ ಚಾನೆಲ್ಲೂ ಇರಲಿಲ್ಲ. ಕನ್ನಡ ಕೇಳುವವರು ಸುಮ್ನೆ ಆಕಾಶವಾಣಿಗೆ ತಿರುಗಿಸುತ್ತಿದ್ದರು, ಅಷ್ಟೇ.

2005ರಲ್ಲಿ ನಿಯಮ ಬದಲಾಯಿತು. ಒಂದು ಸಲ ಪ್ರವೇಶ ಶುಲ್ಕ, ಆಮೇಲೆ ವರ್ಷದ ಆದಾಯದಲ್ಲಿ 4% ಪಾಲು. ಉಸಿರಾಡಲು ಜಾಗ ಸಿಕ್ಕಿತು. 2006ರಿಂದ ಮಿರ್ಚಿ, ಬಿಗ್, ರೆಡ್ ಅಂತ ಬೇರೆ ಖಾಸಗಿ ಎಫ್‌ಎಂಗಳೆಲ್ಲ ಸಾಲಾಗಿ ಬಂದವು. ಇಂಗ್ಲಿಷ್ ಹಾಡಿಗೆ 91.9ರಲ್ಲಿ ಇಂಡಿಗೋ ಬಂತು. ಇಷ್ಟೊಂದು ಜನ ಅದೇ ಹಿಂದಿ ಹಾಡು ಹಾಕಿದರೆ ಯಾರಿಗೆ ಗಿಟ್ಟುತ್ತೆ? ಆಟೋ, ಗ್ಯಾರೇಜು, ದರ್ಶಿನಿ, ಮನೆಯ ಅಡುಗೆಕೋಣೆ, ನಿಜವಾದ ಕೇಳುಗರು ಇದ್ದದ್ದು ಅಲ್ಲೇ ಅಲ್ವಾ? ಮಿರ್ಚಿ ‘ಸಖತ್ ಹಾಟ್ ಮಗಾ’ ಅಂತ ಕೂಗಿತು. ಸಿಟಿಯೂ ಕನ್ನಡಕ್ಕೆ ವಾಲಿತು. ಕನ್ನಡಾಭಿಮಾನ ಉಕ್ಕಿ ಬಂತು ಅಂತ ನಾನು ನಂಬಲ್ಲ, ಅದು ವ್ಯಾಪಾರದ ಲೆಕ್ಕ. ಆದರೂ ಲಾಭ ನಮಗೇ ಆಯಿತು.

ಬದಲಾಗದೇ ಉಳಿದದ್ದು ಸುದ್ದಿ. ಖಾಸಗಿ ಎಫ್‌ಎಂ ಸ್ವಂತ ಸುದ್ದಿ ಓದುವಂತಿಲ್ಲ. 2011ರ ನೀತಿ ಆಕಾಶವಾಣಿಯ ಸುದ್ದಿಯನ್ನು ಹಾಗೇ ಮರುಪ್ರಸಾರ ಮಾಡಲು ಬಿಟ್ಟಿತು, ಅಷ್ಟೇ. ಟ್ರಾಫಿಕ್, ಹವಾಮಾನ ಹೇಳಬಹುದು. ಅದಕ್ಕೇ ಸಿಲ್ಕ್ ಬೋರ್ಡ್ ಜಾಮ್ ಬಗ್ಗೆ ಅಷ್ಟೊಂದು ಮಾತು!

ಮಾಲೀಕರ ವಿಷಯ: ಲೈಸೆನ್ಸ್ ಮ್ಯೂಸಿಕ್ ಬ್ರಾಡ್‌ಕಾಸ್ಟ್ ಕಂಪನಿಯದು, ಶುರುವಿನಲ್ಲಿ ಬೆನ್ನಿಗಿದ್ದದ್ದು ಸ್ಟಾರ್ ಟಿವಿ ಕಂಪನಿ. 2015ರಲ್ಲಿ ಜಾಗರಣ್ ಪತ್ರಿಕೆಯವರು ಕೊಂಡುಕೊಂಡರು. 2017ರಲ್ಲಿ ಷೇರು ಪೇಟೆಗೂ ಬಂತು.